ಎರಡೂ ತುದಿ ಕಟ್ಟಿದ ಕಬ್ಬಿಣದ ಪಟ್ಟಿ

ಹಿರೇಗುಂಟನೂರಿನ ಕುರಿ ರಂಗಯ್ಯನ ಮಗ ಮಾರುತೇಶ ಹುಟ್ಟಿದಾಗ ಆಕಾಶದಿಂದ ಹೂವಿನ ಮಳೆಯೇನೂ ಸುರಿಯಲಿಲ್ಲ. ಸುರಿದಿದ್ದರೂ ಕುರಿಗಳು ತಿಂದು ಮುಗಿಸುತ್ತಿದ್ದವು. ತಾಯಿ ಬರಗೇರಮ್ಮ ಮಾತ್ರ, ಮಗು ಅಳುವುದಕ್ಕೆ ಮೊದಲು ಸುತ್ತಮುತ್ತ ಒಮ್ಮೆ ನೋಡಿ, ಆಮೇಲೆ ಬಾಯಿ ತೆರೆಯಿತೆಂದು ಹೇಳುತ್ತಿದ್ದಳು. ಬಾಯಿ ಬಿಡುವ ಮೊದಲು ಕಾಯುವ ಈ ಗುಣ ಮುಂದೆ ನಮ್ಮ ನಾಯಕನಿಗೆ ಎಷ್ಟು ದುಬಾರಿಯಾಯಿತು ಎಂಬುದೇ ಈ ಕಥೆ.

ಸಿರಿಗೆರೆಯ ಹಾಸ್ಟೆಲಿನಲ್ಲಿ ಮುದ್ದೆ ಉಂಡು ಶಾಲೆ ಮುಗಿಸಿ, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಮೂವರು ತಂಗಿಯರ ಮದುವೆ ಮಾಡಿ, ತನ್ನ ಮದುವೆಯನ್ನು ಮುಂದಿನ ವರ್ಷಕ್ಕೆಂದು ಎತ್ತಿಟ್ಟು, ಆ ಮುಂದಿನ ವರ್ಷವನ್ನು ಎಲ್ಲಿಟ್ಟೆನೆಂದು ಮರೆತು, ಮಾರುತೇಶ ಚಿತ್ರದುರ್ಗದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರಕ್ಟರ್ ಆದ. ಇನ್‌ಸ್ಟ್ರಕ್ಟರ್ ಎಂದರೆ ಪಾಠ ಮಾಡುವವರಿಗಿಂತ ಒಂದು ಮೆಟ್ಟಿಲು ಕೆಳಗೆ, ಲ್ಯಾಬಿನ ಬಾಗಿಲು ತೆಗೆಯುವ ಅಟೆಂಡರ್ ಅಂಜನಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಈ ಎರಡನೆಯ ಮೆಟ್ಟಿಲು ಇದೆಯೆಂಬುದನ್ನು ಅಂಜನಪ್ಪ ಕೊನೆಯವರೆಗೂ ಒಪ್ಪಲಿಲ್ಲ.

ಎರಡು ಸಾವಿರದ ಇಸವಿಯಲ್ಲಿ ಆ ಕಾಲೇಜಿಗೆ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್ ಬಂತು. ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಡಾಂಗಲ್ಲೂ ಬಂತು. ಕಂಪ್ಯೂಟರಿನ ಹಿಂಭಾಗಕ್ಕೆ ಅದನ್ನು ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ಕಣ್ಣು ಬಿಡುತ್ತಿತ್ತು. ಅಂಜನಪ್ಪ ಅದಕ್ಕೆ ತಾಯಿತ ಎಂದು ಹೆಸರಿಟ್ಟ. ಪ್ರೊಫೆಸರುಗಳೆಲ್ಲ ದೂರದಿಂದ ಕೈ ಮುಗಿದು ತಂತಮ್ಮ ಕ್ಲಾಸುಗಳಿಗೆ ಹೋದರು. ಉಳಿದವನು ಮಾರುತೇಶ. ದಪ್ಪನೆಯ ಇಂಗ್ಲಿಷ್ ಮ್ಯಾನ್ಯುಯಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಬಿಲ್ಲು ಮುರಿಯಲು ಹೊರಟವನಂತೆ ಅವನು ಆ ಕಂಪ್ಯೂಟರಿನ ಮುಂದೆ ಕುಳಿತ.

ವಿದ್ಯೆ ಮೇಲ್ನೋಟಕ್ಕೆ ಸರಳವಾಗಿತ್ತು. ಒಂದು ಕಬ್ಬಿಣದ ಪಟ್ಟಿಯನ್ನು ಕಂಪ್ಯೂಟರಿನೊಳಗೆ ಬರೆಯಬೇಕು. ಅದನ್ನು ಸಾವಿರಾರು ಪುಟ್ಟ ಇಟ್ಟಿಗೆಗಳಾಗಿ ಒಡೆಯಬೇಕು. ಪ್ರತಿ ಇಟ್ಟಿಗೆಯೂ ನೆರೆಯ ಇಟ್ಟಿಗೆಯ ಮೂಲೆ ಹಿಡಿದುಕೊಂಡಿರುತ್ತದೆ. ಒಂದರ ಮೇಲೆ ಭಾರ ಇಟ್ಟರೆ ಅದು ಪಕ್ಕದ್ದನ್ನು ಜಗ್ಗುತ್ತದೆ, ಆ ಪಕ್ಕದ್ದು ಅದರ ಪಕ್ಕದ್ದನ್ನು, ಹಳ್ಳಿಯಲ್ಲಿ ಸುದ್ದಿ ಹರಡಿದ ಹಾಗೆ. ಕೊನೆಗೆ ಇಡೀ ಪಟ್ಟಿ ಎಷ್ಟು ಬಾಗಿತು, ಎಲ್ಲಿ ಹೆಚ್ಚು ನೊಂದಿತು ಎಂಬುದನ್ನು ಕಂಪ್ಯೂಟರು ನೀಲಿ, ಹಸಿರು, ಕೆಂಪು ಬಣ್ಣ ಬಳಿದು ತೋರಿಸುತ್ತದೆ. ಭಾರ ತೆಗೆದರೆ ಮತ್ತೆ ನೆಟ್ಟಗಾಗುವಷ್ಟು ಮಾತ್ರ ಬಾಗುವುದಾದ್ದರಿಂದ ಯಾರಿಗೂ ನಷ್ಟವಿಲ್ಲ.

ಮೊದಲ ಸಲ ಮಾರುತೇಶ ಪಟ್ಟಿ ಬರೆದ, ಒಡೆದ, ನಡುಮಧ್ಯೆ ಹತ್ತು ಕೆಜಿ ಭಾರ ಇಟ್ಟ, ಗುಂಡಿ ಒತ್ತಿದ. ಇಪ್ಪತ್ತು ನಿಮಿಷ ಗುರುಗುಟ್ಟಿದ ಕಂಪ್ಯೂಟರು, ಈ ವಸ್ತುವನ್ನು ಯಾರೂ ಹಿಡಿದುಕೊಂಡಿಲ್ಲ, ಇದು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ದೂರು ಕೊಟ್ಟಿತು. ಕುರಿಗಾರನ ಮಗನಿಗೆ ಈ ದೂರು ಅರ್ಥವಾಗಲು ಮ್ಯಾನ್ಯುಯಲ್ ಬೇಕಾಗಲಿಲ್ಲ. ಕಟ್ಟದ ಟಗರು ಓಡಿಹೋಗುತ್ತದೆ. ಒಮ್ಮೆ ಓಡಿದ ಟಗರನ್ನು ಅವರ ಮನೆಯಲ್ಲಿ ಮುಂದಿನ ಸಲ ಕೊರಳಿಗೊಂದು ಹಗ್ಗ, ಹಿಂಗಾಲಿಗೊಂದು ಹಗ್ಗ ಹಾಕಿ ಎರಡು ಗೂಟಕ್ಕೆ ಕಟ್ಟುತ್ತಿದ್ದರು. ಮಾರುತೇಶ ಪಟ್ಟಿಯ ಎರಡೂ ತುದಿಗಳನ್ನು ಅಲ್ಲಾಡದ ಹಾಗೆ ಬಿಗಿದ. ಕಂಪ್ಯೂಟರು ತೆಪ್ಪಗೆ ಉತ್ತರ ಕೊಟ್ಟಿತು: ಸೊನ್ನೆ ಪಾಯಿಂಟ್ ಏಳು ಒಂದು ಮಿಲಿಮೀಟರು. ಅಂದಿನಿಂದ ಒಂದು ವರ್ಷ, ಆ ಲ್ಯಾಬಿನಲ್ಲಿ ಯಾವ ವಸ್ತುವೂ ಎರಡು ಗೂಟವಿಲ್ಲದೆ ಬಾಗಲಿಲ್ಲ.

ಆಮೇಲೆ ಅನುಸೂಯ ಬಂದಳು.

ಅನುಸೂಯ ಹೊಸದಾಗಿ ಸೇರಿದ ಲೆಕ್ಚರರು. ಬಬ್ಬೂರಿನ ಸರ್ಕಾರಿ ಕೃಷಿ ಫಾರಂನಲ್ಲಿ ಅವಳ ತಂದೆ ಮೂರ್ತಪ್ಪ ಕ್ಲಾರ್ಕಾಗಿದ್ದರು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಬೆಳೆದು ಬಿ.ಇ. ಓದಿದವಳು. ಗಂಡ ಹಿರಿಯೂರಿನ ಹತ್ತಿರ ಬೈಕಿನಿಂದ ಬಿದ್ದು ತೀರಿಕೊಂಡು ಮೂರು ವರ್ಷವಾಗಿತ್ತು. ಸ್ವಾತಿ ಎಂಬ ಒಬ್ಬ ಮಗಳಿದ್ದಳು. ಇಷ್ಟು ವಿವರವನ್ನು ಅಂಜನಪ್ಪ ಅವಳು ರಿಜಿಸ್ಟರಿಗೆ ಸಹಿ ಹಾಕುವಷ್ಟರಲ್ಲಿ ಸಂಗ್ರಹಿಸಿ ಹಂಚಿದ್ದ.

ಎರಡನೆಯ ವಾರ ಅವಳು ಪಕ್ಕದ ಕೋಣೆಯಲ್ಲಿ ನಿಜವಾದ ಕಬ್ಬಿಣದ ಪಟ್ಟಿಯನ್ನು ಎರಡು ಆಸರೆಗಳ ಮೇಲಿಟ್ಟು, ನಡುವೆ ಹತ್ತು ಕೆಜಿ ತೂಗುಹಾಕಿ, ಅದು ಎಷ್ಟು ಬಾಗಿತೆಂದು ಡಯಲ್ ಗೇಜಿನಲ್ಲಿ ಅಳೆದು ಬಂದಳು.

"ಮಾರುತೇಶ್, ನಿಮ್ಮ ಉತ್ತರ ಎಷ್ಟು?"

"ಪಾಯಿಂಟ್ ಏಳು ಒಂದು, ಮೇಡಂ."

"ನನ್ನದು ಎರಡು ಪಾಯಿಂಟ್ ಎಂಟು ನಾಕು. ಸರಿಯಾಗಿ ನಾಕು ಪಟ್ಟು."

"ಡಯಲ್ ಗೇಜು ಹಳೇದು, ಮೇಡಂ. ಅಂಜನಪ್ಪ ಅದರಲ್ಲಿ ತೆಂಗಿನಕಾಯಿ ಒಡೆದಿದ್ರೂ ಒಡೆದಿರಬೌದು."

"ತಪ್ಪು ಹಿಂಗೆ ಅಚ್ಚುಕಟ್ಟಾಗಿ ನಾಕು ಪಟ್ಟು ಬರಲ್ಲ. ಎಲ್ಲಿ, ತೋರಿಸ್ರಿ."

ಅವಳು ಅವನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಪರದೆ ನೋಡಿದಳು. ಎರಡು ತುದಿಯಲ್ಲೂ ಬಿಗಿದ ಗುರುತುಗಳು ಒತ್ತೊತ್ತಾಗಿ ನಿಂತಿದ್ದವು.

"ಇದನ್ಯಾಕೆ ಹಿಂಗೆ ಕಟ್ಟಿಹಾಕಿದೀರ?"

"ಕಟ್ಟದಿದ್ರೆ ಹೋಗ್ಬಿಡ್ತೈತೆ ಮೇಡಂ."

"ಪಾಪ, ಎಲ್ಲಿಗೆ ಹೋಗುತ್ತೆ? ಅಲ್ಲಿ ಪಟ್ಟಿ ಆಸರೆ ಮೇಲೆ ಸುಮ್ನೆ ಕುಂತಿದೆ. ಯಾರೂ ಅದನ್ನ ಹಿಡಿದಿಲ್ಲ. ಒಂದು ತುದಿಯ ಕೆಳಗಿನ ಅಂಚು ಮಾತ್ರ ಹಿಡೀರಿ. ಇನ್ನೊಂದು ತುದಿ ಕೆಳಗೆ ಬೀಳದಿದ್ರೆ ಸಾಕು. ಉದ್ದಕ್ಕೆ ಸ್ವಲ್ಪ ಸರಿದಾಡಲಿ ಬಿಡ್ರಿ."

ಮಾರುತೇಶ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ. ಇಪ್ಪತ್ತು ನಿಮಿಷ ಕಾಯಬೇಕಿತ್ತು. ಅನುಸೂಯ ಎದ್ದುಹೋಗಲಿಲ್ಲ. ಟಿಫಿನ್ ಡಬ್ಬಿ ತೆಗೆದು ಅರ್ಧ ಚಿತ್ರಾನ್ನವನ್ನು ಮುಚ್ಚಳಕ್ಕೆ ಹಾಕಿ ಅವನ ಕಡೆ ಸರಿಸಿದಳು. ಚಿತ್ರಾನ್ನ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಎರಡು ಪಾಯಿಂಟ್ ಎಂಟು ನಾಲ್ಕು ಮೂಡಿತು. ಪಟ್ಟಿ ಜೋಕಾಲಿಯಂತೆ ಕೆಳಗೆ ಜೋತುಬಿದ್ದಿತ್ತು. ಬಾಗಿಲಲ್ಲಿ ನಿಂತಿದ್ದ ಅಂಜನಪ್ಪ, "ಕಾಲೇಜಿನ ಕಬ್ಣನೆಲ್ಲ ಬಗ್ಗಿಸಿ ಇಟ್ರಲ್ರಪ್ಪ," ಎಂದ.

"ಅದು ನೂರು ಪಟ್ಟು ದೊಡ್ಡದು ಮಾಡಿ ತೋರಿಸ್ತಿದೆ, ಅಂಜನಪ್ಪ. ಇಲ್ದಿದ್ರೆ ಕಣ್ಣಿಗೆ ಕಾಣಲ್ಲ," ಎಂದಳು ಅನುಸೂಯ.

ಮಾರುತೇಶನ ಹೃದಯವೂ ಅದೇ ಕಂಪನಿಯ ಮಾಲು ಎಂದು ಅವತ್ತೇ ಸಾಬೀತಾಯಿತು. ಅರ್ಧ ಡಬ್ಬಿ ಚಿತ್ರಾನ್ನವನ್ನು ಅದು ನೂರು ಪಟ್ಟು ಮಾಡಿ, ಹಿರೇಗುಂಟನೂರಿನ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವನಿಗೆ ತೋರಿಸುತ್ತ ಹೋಯಿತು.

ಅದರ ಮುಂದಿನ ಒಂದು ವರ್ಷವನ್ನು ಇತಿಹಾಸಕಾರರು ಸುವರ್ಣಯುಗ ಎಂದು ಕರೆಯಬೇಕು. ಶನಿವಾರ ಮಧ್ಯಾಹ್ನ ಲ್ಯಾಬು ಖಾಲಿಯಾದ ಮೇಲೆ ಇಬ್ಬರೂ ಕುಳಿತು ತೂತಿರುವ ತಗಡನ್ನು ಎಳೆದರು, ರಬ್ಬರಿನ ಗಟ್ಟಿಯನ್ನು ಒತ್ತಿದರು, ಮೂಲೆಗೆ ಹಾಕುವ ಕಬ್ಬಿಣದ ಬ್ರಾಕೆಟ್ಟನ್ನು ತಿರುಚಿದರು. ಲೋಕದ ಘನವಸ್ತುಗಳೆಲ್ಲ ಅವರ ಕೈಯಲ್ಲಿ ಬಾಗಿ, ಮತ್ತೆ ನೆಟ್ಟಗಾದವು. ಕಂಪ್ಯೂಟರು ಹಳೆಯದು, ಇಂಥ ದೊಡ್ಡ ಲೆಕ್ಕಕ್ಕೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಇಟ್ಟಿಗೆಗಳನ್ನು ಸಣ್ಣದು ಮಾಡಿದಷ್ಟೂ ಹೊತ್ತು ಹೆಚ್ಚಾಗುತ್ತದೆಂದು ಕಂಡುಕೊಂಡ ಮಾರುತೇಶ, ಉತ್ತರ ಇನ್ನೂ ನಿಖರವಾಗಲಿ ಎಂಬ ನೆಪದಲ್ಲಿ ಇಟ್ಟಿಗೆಗಳನ್ನು ಸಣ್ಣ ಮಾಡುತ್ತಲೇ ಹೋದ. ವಿಜ್ಞಾನಕ್ಕೆ ಇಷ್ಟು ಶ್ರದ್ಧೆಯಿಂದ ಸೇವೆ ಸಲ್ಲಿಸಿದವರು ಆ ಜಿಲ್ಲೆಯಲ್ಲಿ ವಿರಳ.

ಕಾಯುವ ಹೊತ್ತಿನಲ್ಲಿ ಅವಳು ಸ್ವಾತಿಯ ಕೆಮ್ಮಿನ ಬಗ್ಗೆ, ಫಾರಂನ ದಾಳಿಂಬೆ ಗಿಡಗಳ ಬಗ್ಗೆ, ಒಮ್ಮೆ ಮಾತ್ರ ತೀರಿಹೋದ ಗಂಡನ ಬಗ್ಗೆ ಹೇಳಿದಳು. ಅವನು ಕೇಳುತ್ತ ಕಿಟಕಿಯಾಚೆ ಗುಡ್ಡದ ಮೇಲಿನ ಗಾಳಿಗಿರಣಿಗಳನ್ನು ನೋಡಿದ. ಹೇಳಬೇಕೆಂದುಕೊಂಡದ್ದನ್ನು ಪ್ರತಿ ಶನಿವಾರವೂ ಗಂಟಲವರೆಗೆ ತಂದು, ಕುರಿಯನ್ನು ದೊಡ್ಡಿಗೆ ತಿರುಗಿಸಿದ ಹಾಗೆ ವಾಪಸ್ ಕಳಿಸಿದ.

ಎರಡು ಸಾವಿರದ ಎರಡರ ಜೂನ್‌ನಲ್ಲಿ ಕಾಲೇಜು ನಡೆಸುವ ಟ್ರಸ್ಟಿನವರು ಹೊಸದುರ್ಗದಲ್ಲಿ ಪಾಲಿಟೆಕ್ನಿಕ್ ತೆರೆದು ಅನುಸೂಯಳನ್ನು ಅಲ್ಲಿಗೆ ಹಾಕಿದರು. ಸುವರ್ಣಯುಗ ಒಂದು ಟೈಪ್ ಮಾಡಿದ ಕಾಗದದಲ್ಲಿ ಮುಗಿಯಿತು. ಆದರೆ ಲೋಕದಲ್ಲಿ ಜಿಪುಣತನವೆಂಬುದು ಒಂದಿದೆ, ಅದರಿಂದ ಒಮ್ಮೊಮ್ಮೆ ಪ್ರೇಮಿಗಳಿಗೂ ಉಪಕಾರವಾಗುತ್ತದೆ. ಎರಡೂ ಕಡೆ ಸಾಫ್ಟ್‌ವೇರ್ ಹಾಕಿಸಿದ ಟ್ರಸ್ಟು, ಡಾಂಗಲ್ ಮಾತ್ರ ಒಂದೇ ಸಾಕೆಂದಿತು. ಹದಿನೈದು ದಿನ ಇಲ್ಲಿ, ಹದಿನೈದು ದಿನ ಅಲ್ಲಿ. ಪೋಸ್ಟಿನಲ್ಲಿ ಕಳಿಸಿದರೆ ಕಳೆದೀತು, ಆದ್ದರಿಂದ ನಂಬಿಕಸ್ಥರೊಬ್ಬರು ಒಯ್ದು ತರಬೇಕು.

ನಂಬಿಕಸ್ಥನು ಆಗಲೇ ಎದ್ದು ನಿಂತಿದ್ದ.

ಹೀಗೆ ಶುರುವಾದವು ಸೋಮವಾರದ ದಂಡಯಾತ್ರೆಗಳು. ಒಂದು ಸೋಮವಾರ ಕೊಡಲು, ಎರಡು ವಾರ ಬಿಟ್ಟು ಇನ್ನೊಂದು ಸೋಮವಾರ ತರಲು. ಸಂಜೀವಿನಿ ಬೆಟ್ಟ ಹೊತ್ತವನಿಗೆ ಬೆಟ್ಟವಾದರೂ ಕಣ್ಣಿಗೆ ಕಾಣುವಂತಿತ್ತು. ಮಾರುತೇಶ ಬೆಂಕಿಪೊಟ್ಟಣದಷ್ಟನ್ನು ಒಳಜೇಬಿನಲ್ಲಿಟ್ಟು, ಮೇಲೆ ಸೇಫ್ಟಿಪಿನ್ ಹಾಕಿ, ಅದರ ಮೇಲೆ ಕೈಯಿಟ್ಟು ಕೂರುತ್ತಿದ್ದ. ಹೊಳಲ್ಕೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗಲೂ ಟೀ ಕುಡಿಯಲು ಇಳಿಯುತ್ತಿರಲಿಲ್ಲ. ಎದೆ ಹಿಡಿದು ಕುಳಿತ ಅವನನ್ನು ನೋಡಿ ಕಂಡಕ್ಟರ್ ದೊಡ್ಡತಿಮ್ಮಪ್ಪ ಒಮ್ಮೆ ಕೇಳಿದ, "ಏನಪ್ಪ, ಎದೆನೋವಾ? ಹೊಳಲ್ಕೆರೆ ಆಸ್ಪತ್ರೆ ಹತ್ರ ನಿಲ್ಲಿಸ್ಲಾ?"

"ಬ್ಯಾಡ. ಹೊಸದುರ್ಗದಾಗೆ ಸರಿ ಹೋಗ್ತೈತೆ."

ಹೊಸದುರ್ಗದಲ್ಲಿ ಒಟ್ಟು ಎರಡು ಗಂಟೆ ಸಿಗುತ್ತಿತ್ತು. ಡಾಂಗಲ್ ಸಿಕ್ಕಿಸಿ, ಒಂದು ಲೆಕ್ಕ ಓಡಿಸಿ, ನಡೆಯುತ್ತದೆಯೋ ಇಲ್ಲವೋ ನೋಡಬೇಕಲ್ಲ. ಅವಳು, "ಬರ್ರಿ, ಕುಂತ್ಕಳ್ರಿ, ಊಟ ಆಯ್ತಾ?" ಎನ್ನುತ್ತಿದ್ದಳು. ಈ ನಾಲ್ಕು ಮಾತನ್ನು ನೂರು ಪಟ್ಟು ಮಾಡಿಕೊಂಡರೆ ನಡುವಿನ ಹದಿಮೂರು ದಿನಕ್ಕೆ ಹೇಗೋ ಸಾಲುತ್ತಿತ್ತು. ಹತ್ತನೆಯ ದಿನದ ಹೊತ್ತಿಗೆ ಮಾತ್ರ ಬಣ್ಣ ತೆಳುವಾಗಿ, ಅವಳ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಅವನು ಲ್ಯಾಬಿನ ಖಾಲಿ ಸ್ಟೂಲಿನ ಕಡೆ ನೋಡಬೇಕಾಗುತ್ತಿತ್ತು. ಅಂಜನಪ್ಪ ಆ ಸ್ಟೂಲನ್ನು ಬೇರೆ ಕಡೆಗೆ ಒಯ್ಯಲು ಬಂದಾಗ ಮಾರುತೇಶ ಅದರ ಮೇಲೆ ಮ್ಯಾನ್ಯುಯಲ್ ಇಟ್ಟ.

ಇಷ್ಟು ಕಾಲ ಸುಮ್ಮನಿದ್ದ ಬರಗೇರಮ್ಮ ಒಂದು ಬೆಳಗ್ಗೆ ರೊಟ್ಟಿ ತಟ್ಟುತ್ತ ಕೇಳಿದಳು. "ಲೇ, ಸೋಮಾರ ಸೋಮಾರ ಗಡ್ಡ ಕೆರಕಂಡು ಎಲ್ಲಿಗೋಗ್ತೀಯ?"

"ಕಾಲೇಜ್ ಕೆಲಸ ಅವ್ವ."

"ಮಂಗಳವಾರ ಕಾಲೇಜ್ ಇರಾಕಿಲ್ವಾ? ಅವತ್ತು ಗಡ್ಡ ಬಿಟ್ಕಂಡೇ ಹೋಗ್ತೀಯಲ್ಲ."

ಅವನು ಹೇಳಿದ. ಮೂವತ್ತೆಂಟು ವರ್ಷದ ಮಗ ಒಲೆಯ ಮುಂದೆ ಕುಳಿತು, ಅವಳು ಗಂಡ ಸತ್ತವಳು, ಒಂದು ಹೆಣ್ಣುಮಗು ಐತೆ ಎಂಬಲ್ಲಿಗೆ ಬಂದು ನಿಲ್ಲಿಸಿ, ಆಕಾಶ ಕಳಚಿ ಬೀಳುವುದನ್ನು ಕಾದ. ಬರಗೇರಮ್ಮ ರೊಟ್ಟಿ ಮಗುಚಿದಳು.

"ಅಷ್ಟೇಯಾ? ನಾನೇನೋ ಅಂದ್ಕಂಡಿದ್ದೆ. ನಿಮ್ಮಪ್ಪನ ಅತ್ತೆ ಜುಂಜಮ್ಮಂಗೆ ಸೀರುಡಿಕೆ ಆಗ್ಲಿಲ್ವಾ? ನಾಕು ಮಕ್ಳು ಹೆತ್ಲು. ಒಂದು ಸೀರೆ ತಗಂಡೋಗಿ ಕೊಡು. ಬಾಯಿ ಬಿಡಾದು ನಿನ್ ಕೈಲಾಗಾಕಿಲ್ಲ, ಬ್ಯಾಡವೇ ಬ್ಯಾಡ."

ಸೀರುಡಿಕೆ ಅವರ ಕಡೆಯ ಹಳೆಯ ಪದ್ಧತಿ. ಗಂಡ ಸತ್ತವಳನ್ನು ಮತ್ತೆ ಕೈಹಿಡಿಯಲು ಚಪ್ಪರವಿಲ್ಲ, ಓಲಗವಿಲ್ಲ, ಮಾತೂ ಇಲ್ಲ. ಗಂಡು ಸೀರೆ ಕೊಡುತ್ತಾನೆ. ಅವಳು ತೆಗೆದುಕೊಂಡರೆ ಒಪ್ಪಿಗೆ. ಉಟ್ಟರೆ ಮುಗಿಯಿತು, ಹಿರಿಯರು ಎಲೆಯಡಿಕೆ ಹಾಕಿಕೊಳ್ಳಬಹುದು. ಜನ್ಮವಿಡೀ ಬಾಯಿ ಬಿಡಲಾರದವನಿಗೆ ಪೂರ್ವಜರು ಮುಂದಾಲೋಚನೆಯಿಂದ ಮಾಡಿಟ್ಟಂತಿದ್ದ ಈ ಏರ್ಪಾಡು ನೆನಪಾದಾಗ ಮಾರುತೇಶನಿಗೆ ತನ್ನ ಕುಲದ ಬಗ್ಗೆ ಮೊದಲ ಬಾರಿಗೆ ಹೆಮ್ಮೆ ಉಕ್ಕಿತು.

ಎರಡು ಸಾವಿರದ ಮೂರರ ಆಯುಧಪೂಜೆ ಮುಗಿದ ಮೇಲಿನ ಸೋಮವಾರ ಅವನು ಹೊಸದುರ್ಗಕ್ಕೆ ಹೋದ. ಕಂಪ್ಯೂಟರುಗಳ ಹಣೆಯ ಮೇಲೆ ಇನ್ನೂ ವಿಭೂತಿ ಕುಂಕುಮ ಇತ್ತು, ಕೀಬೋರ್ಡಿನ ಸಂದಿಯಲ್ಲಿ ಚೆಂಡುಹೂವಿನ ಎಸಳು. ಅವನು ಬ್ಯಾಗಿನಿಂದ ಹಸಿರು ಸೀರೆ ತೆಗೆದು ಮೇಜಿನ ಮೇಲಿಟ್ಟ.

"ಏನ್ರಿ ಇದು?"

"ಅವ್ವ ಕೊಟ್ಲು. ನಿಮಗೆ."

ಅನುಸೂಯ ಸೀರೆ ಬಿಡಿಸಿ ಅಂಚು ನೋಡಿದಳು. ಮುಖ ಅರಳಿತು. "ಎಷ್ಟು ಚೆನ್ನಾಗಿದೆ. ಅವ್ವಂಗೆ ಹೇಳ್ರಿ," ಎಂದು ಮಡಿಸಿ ಬೀರುವಿನಲ್ಲಿಟ್ಟಳು. ಮುಂದಿನ ಯಾತ್ರೆಯಲ್ಲಿ ನೋಡಿದರೆ ಅದನ್ನೇ ಉಟ್ಟಿದ್ದಳು.

ಅವತ್ತಿನ ಬಸ್ಸಿನಲ್ಲಿ ಮಾರುತೇಶ ಹೊಳಲ್ಕೆರೆಯಲ್ಲಿ ಇಳಿದ. ಟೀ ಕುಡಿದ. ದೊಡ್ಡತಿಮ್ಮಪ್ಪನಿಗೂ ಕುಡಿಸಿದ.

ಅಲ್ಲಿಂದ ನಾಲ್ಕು ತಿಂಗಳು ನಮ್ಮ ನಾಯಕ ಮಾತು ಗಟ್ಟಿಯಾದ ಗಂಡಿನ ಬಾಳು ಬಾಳಿದ. ಅಪ್ಪ ರಂಗಯ್ಯ ಹಿತ್ತಲಲ್ಲಿ ಒಂದು ಕೋಣೆ ಹಾಕಿಸಿದ. ಬರಗೇರಮ್ಮ ನೆಂಟರಿಗೆ ಹೇಳಿಕಳಿಸಿದಳು. ಹೊಸದುರ್ಗದಲ್ಲಿ ಅವನು ಕುರ್ಚಿಯನ್ನು ಸ್ವಲ್ಪ ಅಧಿಕಾರದಿಂದ ಎಳೆದುಕೊಂಡು ಕೂರತೊಡಗಿದ. ಸ್ವಾತಿಯ ಕೆಮ್ಮಿಗೆ ಜೇನುತುಪ್ಪ ಒಯ್ದ. ಅನುಸೂಯ ಮೊದಲಿನ ಹಾಗೇ, "ಊಟ ಆಯ್ತಾ?" ಎಂದಳು. ಅದರಲ್ಲಿ ಈಗ ಮನೆಯವಳ ದನಿ ಇದೆಯೆಂದು ಅವನಿಗೆ ಖಾತ್ರಿಯಾಗಿತ್ತು. ಹಾಗಿದ್ದೂ ವಾಪಸ್ ಬರುವ ಬಸ್ಸಿನಲ್ಲಿ ಅವನು ಹೊಸದುರ್ಗ ಮರೆಯಾಗುವವರೆಗೂ ಹಿಂದೆ ತಿರುಗಿ ನೋಡುತ್ತಿದ್ದ. ಒಪ್ಪಿದವಳನ್ನು ಬಿಟ್ಟುಬರುವುದು ಒಪ್ಪದವಳನ್ನು ಬಿಟ್ಟುಬರುವುದಕ್ಕಿಂತ ಕಷ್ಟ ಎಂದು ತನಗೆ ತಾನೇ ಹೇಳಿಕೊಂಡ.

ಫೆಬ್ರುವರಿಯಲ್ಲಿ ಟ್ರಸ್ಟಿಗೆ ಇದ್ದಕ್ಕಿದ್ದಂತೆ ಔದಾರ್ಯ ಬಡಿಯಿತು. ಇನ್ನೊಂದು ಡಾಂಗಲ್ ಕೊಂಡು ನೇರ ಹೊಸದುರ್ಗಕ್ಕೇ ಕಳಿಸಿದರು. ಅಂಜನಪ್ಪ ಸುದ್ದಿ ತಂದ. "ಇನ್ಮೇಲೆ ನೀನು ತಾಯಿತ ಹೊತ್ಕಂಡು ತಿರುಗಾದು ತಪ್ತು ನೋಡು. ಆರಾಮಾಗಿರು."

ಆ ಸೋಮವಾರ ಮಾರುತೇಶ ರಜೆಯನ್ನೂ ಹಾಕದೆ ಬಸ್ಸು ಹತ್ತಿದ. ಒಳಜೇಬು ಖಾಲಿಯಿತ್ತು. ಆದರೂ ದಾರಿಯುದ್ದಕ್ಕೂ ಕೈ ಅಲ್ಲೇ ಇತ್ತು.

ಅನುಸೂಯ ಲ್ಯಾಬಿನಲ್ಲಿ ಒಬ್ಬಳೇ ಇದ್ದಳು. ಕಂಪ್ಯೂಟರಿನ ಹಿಂದೆ ಹೊಸ ಡಾಂಗಲ್ ಹೊಳೆಯುತ್ತಿತ್ತು.

"ಮಾರುತೇಶ್? ನಮ್ಮದೇ ಬಂತಲ್ಲ. ಯಾರೂ ಹೇಳಲಿಲ್ವಾ ನಿಮಗೆ?"

"ಹೇಳಿದ್ರು."

"ಮತ್ತೆ?"

"ದಿನ ಯಾವತ್ತು ಇಟ್ಕಳಾಣ ಅಂತ ಅವ್ವ ಕೇಳಿ ಕಳಿಸ್ಯಾಳೆ."

"ಯಾವ ದಿನ?"

"ಮನೆಗೆ ಕರಕೊಂಡು ಹೋಗೋ ದಿನ."

"ಯಾರನ್ನ?"

ಮಾರುತೇಶ ಗೋಡೆಯ ಮೇಲಿನ ಗಡಿಯಾರ ನೋಡಿದ. ಅದು ಓಡುತ್ತಿತ್ತು. "ನಿಮ್ಮನ್ನ. ಸ್ವಾತಿನೂ."

ಅನುಸೂಯ ನಕ್ಕಳು. ಅವನು ನಗಲಿಲ್ಲವೆಂದು ಕಂಡು ಅರ್ಧಕ್ಕೇ ನಿಲ್ಲಿಸಿದಳು. ಆಗ ಅವನು ಜುಂಜಮ್ಮನಿಂದ ಹಿಡಿದು ಹಿತ್ತಲಿನ ಹೊಸ ಕೋಣೆಯವರೆಗೆ ಎಲ್ಲವನ್ನೂ ನೆಲ ನೋಡುತ್ತ ಹೇಳಿದ. ಅವಳು ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ಕುಳಿತಳು.

"ಸೀರೆ ಕೊಟ್ರೆ ಕೇಳಿದಂಗೆ ಅಂತ ನನಗ್ಯಾರು ಹೇಳಿದ್ರು? ಫಾರಂ ಕ್ವಾರ್ಟರ್ಸಿನಲ್ಲಿ ಸೀರೆ ಅಂದ್ರೆ ಸೀರೆ ಅಷ್ಟೇ. ಆಯುಧಪೂಜೆಗೆ ನಮ್ಮಪ್ಪಂಗೆ ಸ್ಟೀಲ್ ಡಬ್ಬ ಕೊಡೋರು, ಹಂಗೇ ಇದೂ ಅಂದ್ಕಂಡೆ."

"ತಪ್ಪಾತು. ವಾಪಸ್ ಕೊಟ್ರೂ ಬೇಜಾರಿಲ್ಲ."

"ಆರು ಸಲ ಒಗೆದಿದೀನಿ. ಯಾರು ತಗಂತಾರೆ?"

ಹೊರಗೆ ಯಾವುದೋ ಕ್ಲಾಸು ಬಿಟ್ಟಿತು. ಕಾರಿಡಾರಿನ ಗದ್ದಲ ಬಂದು ಹೋಯಿತು. ಮಾರುತೇಶನಿಗೆ ಹೊರಟುಬಿಡಬೇಕೆನ್ನಿಸಿತು. ಹೊರಟರೆ ಇನ್ನು ಬರುವುದಕ್ಕೆ ಯಾವ ಸೋಮವಾರವೂ ಇಲ್ಲವೆಂಬುದು ನೆನಪಾಯಿತು. ಹುಟ್ಟಿದಂದಿನಿಂದ ಸುತ್ತಮುತ್ತ ನೋಡಿಯೇ ಬಾಯಿ ತೆರೆಯುತ್ತಿದ್ದವನು ಈ ಸಲ ಎಲ್ಲೂ ನೋಡದೆ ತೆರೆದ.

"ಹಂಗಾದ್ರೆ ಈಗ ಬಾಯಲ್ಲೇ ಕೇಳ್ತೀನಿ, ಅನುಸೂಯ. ಎರಡು ವರ್ಷದಿಂದ ನಾನು ಹದಿನೈದು ದಿನಕ್ಕೊಂದು ದಿನ ಬದುಕ್ತಾ ಇದೀನಿ. ಉಳಿದ ದಿನ ಯಾಕೆ ಬರ್ತವೆ ಅಂತ್ಲೇ ಗೊತ್ತಾಗ್ತಿಲ್ಲ. ನನ್ನ ಜೊತೆ ಇರ್ತೀರ?"

ಮೇಡಂ ಎನ್ನದೆ ಅವನು ಹೆಸರು ಹಿಡಿದದ್ದು ಅದೇ ಮೊದಲೆಂದು ಇಬ್ಬರಿಗೂ ಗೊತ್ತಾಗಿತ್ತು.

"ಒಂದು ಸಲ ಮನೆ ಕಟ್ಟಿದ್ದೆ ಮಾರುತೇಶ್. ಅದು ಬಿತ್ತು. ಇನ್ನೊಂದು ಸಲ ಕಟ್ಟೋ ಧೈರ್ಯ ನನಗಿದೆಯೋ ಇಲ್ವೋ ನನಗೇ ಗೊತ್ತಿಲ್ಲ. ಸ್ವಾತಿನ ಕೇಳಬೇಕು. ಮೊದಲು ನನ್ನನ್ನ ನಾನೇ ಕೇಳ್ಕಬೇಕು." ಆಮೇಲೆ ಅವಳ ಕಣ್ಣಂಚಿನಲ್ಲಿ ಏನೋ ಮಿನುಗಿತು. "ಅಲ್ರೀ, ನಾಕು ತಿಂಗಳು ನೀವೊಬ್ರೇ ಮದುವೆ ನಿಶ್ಚಯ ಮಾಡ್ಕಂಡು ಸುಖವಾಗಿದ್ರಿ. ನನಗೊಂದು ನಾಕು ತಿಂಗಳು ಬೇಡ್ವಾ?"

"ಅಲ್ಲೀತನ ನಾನೇನು ಮಾಡ್ಲಿ?"

"ಬರ್ರಿ. ಸುಮ್ನೆ ಬರ್ರಿ."

ಸಂಜೆ ಹಿರೇಗುಂಟನೂರಿನಲ್ಲಿ ಬರಗೇರಮ್ಮ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. "ಏನಂದ್ಲೋ?"

"ಯೋಚ್ನೆ ಮಾಡ್ತಾಳಂತೆ."

"ಸೀರೆ ಉಟ್ಕಂಡ ಮ್ಯಾಲೆ ಯೋಚ್ನೆ ಮಾಡಾದು ನಾನೆಲ್ಲೂ ಕಾಣೆನಪ್ಪ." ಮರಿಯ ಬಾಯಿ ಒರೆಸಿ ಅವಳೇ, "ಮಾಡ್ಲಿ ಬಿಡು. ನಮ್ಮ ಕಾಲದಾಗೆ ಯಾರು ಮಾಡೋಕೆ ಬಿಟ್ರು?" ಎಂದಳು.

ಅದರ ಮುಂದಿನ ಶುಕ್ರವಾರ ಮಾರುತೇಶ ಪ್ರಿನ್ಸಿಪಾಲರ ಮುಂದೆ ಸೋಮವಾರದ ರಜೆ ಅರ್ಜಿ ಇಟ್ಟ. ಇಷ್ಟು ದಿನ ಡ್ಯೂಟಿಯ ಮೇಲೆ ಹೋಗುತ್ತಿದ್ದವನು ರಜೆ ಕೇಳಿದ್ದು ಅದೇ ಮೊದಲು. ಪ್ರಿನ್ಸಿಪಾಲರು ಕನ್ನಡಕ ಏರಿಸಿ ಓದಿದರು. ಕಾರಣ ಎಂದು ಅಚ್ಚಾಗಿದ್ದ ಕಡೆ ಅವನು ಒಂದೇ ಪದ ಬರೆದಿದ್ದ.

"ಹೊಸದುರ್ಗ ಅಂದ್ರೆ ಊರಲ್ಲವೇನ್ರಿ? ಅದು ಕಾರಣ ಹೆಂಗಾಗುತ್ತೆ?"

ಮಾರುತೇಶ ಅರ್ಜಿಯನ್ನು ತನ್ನ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ಓದಿದ. ತಿದ್ದುವಂಥದ್ದೇನೂ ಕಾಣಲಿಲ್ಲ.

"ಅದೇ ಸಾರ್ ಕಾರಣ," ಎಂದ.